ಹಿಮದ ಕೆರೆಗಳ ಲೆಕ್ಕ ತಪ್ಪಿದ್ದು ನನ್ನಿಂದ

ಆ ತಪ್ಪು ನಸ್ರೀನ್ ಮಾಡಿದ್ದಲ್ಲ, ನಾನು ಮಾಡಿದ್ದು. ಮಾಡಿದ್ದಷ್ಟೇ ಅಲ್ಲ — ತಪ್ಪೆಂದು ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದೆ. ಬೇಕೆಂದೇ. ಇದನ್ನು ಓದಿ ನನ್ನ ಮೇಲೆ ಕನಿಕರ ಪಡುವವರಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ಕನಿಕರ ನನಗೆ ಬೇಡ.

ತೊಂಬತ್ತರ ದಶಕದ ಮೊದಲ ವರ್ಷಗಳು. ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಸಂಶೋಧನೆಗೆ ಸೇರಿದ್ದೆ. ಊರು ಕೆಂಚಾರ್ಲಹಳ್ಳಿ. ನಮ್ಮ ಕೇರಿಯಿಂದ ಅಷ್ಟು ಓದಿದ ಹುಡುಗಿ ನನಗಿಂತ ಮೊದಲು ಯಾರೂ ಇರಲಿಲ್ಲ. ಚಿಂತಾಮಣಿಯಲ್ಲಿ ಬಸ್ಸು ಬದಲಿಸುವಾಗ ನಸ್ರೀನ್ ಹತ್ತುತ್ತಿದ್ದಳು. ಅವಳ ಅಬ್ಬಾ ರೇಷ್ಮೆಗೂಡಿನಿಂದ ನೂಲು ಬಿಚ್ಚಿಸುವ ಕಸುಬಿನವರು. ಅವಳು ಗಣಿತ ಓದಿ, ಕಂಪ್ಯೂಟರ್ ಕಲಿತು, ನಮ್ಮ ವಿಭಾಗದಲ್ಲಿ ಪ್ರೋಗ್ರಾಂ ಬರೆಯುವ ತಾತ್ಕಾಲಿಕ ಕೆಲಸ ಹಿಡಿದಿದ್ದಳು. ಮುಂದಿನ ವರ್ಷ ತಾನೂ ಸಂಶೋಧನೆಗೆ ಸೇರುವ ಆಸೆ ಅವಳಿಗೆ. ಮನೆಯಲ್ಲಿ ಅದಕ್ಕೆ ಅರೆಮನಸ್ಸಿನ ಒಪ್ಪಿಗೆ ಸಿಕ್ಕಿತ್ತು.

ನಮ್ಮ ಕೆಲಸ ಕೇಳಿದರೆ ಬಸ್ಸಿನಲ್ಲಿ ಜನ ನಗುತ್ತಿದ್ದರು. ಭೂಮಿಯ ತುದಿಯ ಹಿಮದ ಹಾಸಿನ ಮೇಲೆ ಬೇಸಿಗೆಯಲ್ಲಿ ಕರಗಿದ ನೀರು ತಗ್ಗುಗಳಲ್ಲಿ ನಿಂತು ಕೆರೆಯಾಗುತ್ತದೆ. ಬಿಳಿ ಹಿಮ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಕಪ್ಪಗೆ ನಿಂತ ನೀರು ಅದನ್ನು ಹೀರಿಕೊಳ್ಳುತ್ತದೆ. ಹೀರಿದಷ್ಟೂ ತಳ ಕರಗಿ ಕೆರೆ ಇನ್ನೂ ಆಳವಾಗುತ್ತದೆ. ಚಳಿ ಹೆಚ್ಚಿದಂತೆ ಮೇಲೆ ಮಂಜುಗಡ್ಡೆಯ ಮುಚ್ಚಳ ಕಟ್ಟುತ್ತದೆ. ಅದರಡಿಯ ನೀರು ಎಷ್ಟು ಕಾಲ ನೀರಾಗಿಯೇ ಉಳಿದೀತು — ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ತೋರಿಸುವ ಮಾದರಿಯೊಂದನ್ನು ನಾವು ಕಟ್ಟುತ್ತಿದ್ದೆವು. ನಾನು ಸಮೀಕರಣ ಕೊಡುವವಳು. ನಸ್ರೀನ್ ಅದನ್ನು ಪ್ರೋಗ್ರಾಂ ಮಾಡುವವಳು. ನಮ್ಮಿಬ್ಬರ ಮೇಲೆ ಮಾರ್ಗದರ್ಶಕರಾದ ಪ್ರೊಫೆಸರ್. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ನನ್ನ ಹೆಸರನ್ನು ಬರೆಯಲಿಲ್ಲ.

ಹೌದು, ಬರೆಯಲಿಲ್ಲ. ಆ ಮುಚ್ಚಳದ ಭಾಗವಿತ್ತಲ್ಲ, ಅದು ಪೂರ್ತಿ ನನ್ನ ಯೋಚನೆ. ಬೆಂಗಳೂರಿನ ದೊಡ್ಡ ಸಭೆಯೊಂದರಲ್ಲಿ ಓದಲು ಅವರು ಪ್ರಬಂಧ ಸಿದ್ಧಪಡಿಸಿದಾಗ ಅದರ ಮೇಲೆ ಅವರದೊಂದೇ ಹೆಸರಿತ್ತು. ಕೇಳಿದೆ. ಕನ್ನಡಕ ಒರೆಸಿಕೊಳ್ಳುತ್ತ, ಸಿಟ್ಟೇನೂ ಇಲ್ಲದೆ ಅಂದರು:

"ನಿಂಗ್ಯಾಕಮ್ಮಾ ಹೆಸರು? ನಿಮ್ಮ ಕಡೆಯೋರು ಇಲ್ಲೀಗಂಟ ಬಂದಿರೋದೇ ದೊಡ್ದು. ಸುಮ್ನೆ ಕಲ್ತ್ಕೋ."

ನಿಮ್ಮ ಕಡೆಯೋರು. ಆ ಮಾತಿನ ಅರ್ಥವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಹೊತ್ತು ಹುಟ್ಟಿದ ಸಿಟ್ಟಿಗೆ ನಾನು ಇಂದಿಗೂ ನಾಚುವುದಿಲ್ಲ. ಅದು ಸರಿಯಾದ ಸಿಟ್ಟು. ಅದನ್ನು ಇಟ್ಟುಕೊಂಡು ನಾನು ಏನು ಮಾಡಿದೆ ಅನ್ನುವುದು ಮಾತ್ರ —

ಸಭೆಗೆ ಕೆಲವು ದಿನ ಮುಂಚೆ, ಬಸ್ಸು ಶಿಡ್ಲಘಟ್ಟದಲ್ಲಿ ಗೂಡಿನ ಮೂಟೆಗಳನ್ನು ಇಳಿಸಲು ನಿಂತಿದ್ದಾಗ, ಲೆಕ್ಕವನ್ನು ಮನಸ್ಸಿನಲ್ಲೇ ತಿರುವಿ ಹಾಕುತ್ತಿದ್ದೆ. ಥಟ್ಟನೆ ಕಂಡಿತು. ಮುಚ್ಚಳದ ಮಂಜುಗಡ್ಡೆ ಹೀರಿಕೊಂಡ ಬಿಸಿಲನ್ನು ಕಳೆಯದೆ, ಅಷ್ಟನ್ನೂ ಮತ್ತೆ ಕೆಳಗಿನ ನೀರಿಗೂ ಕೊಟ್ಟಿದ್ದೆ. ಒಂದೇ ಬಿಸಿಲನ್ನು ಎರಡು ಸಲ ಎಣಿಸಿದ್ದೆ. ನಮ್ಮ ಕೆರೆಗಳು ಚಳಿಗಾಲ ಪೂರ್ತಿ ಹೆಪ್ಪುಗಟ್ಟದೆ ಉಳಿದದ್ದು ಅದಕ್ಕೇ. ಪ್ರೊಫೆಸರ್ ಎಲ್ಲರೆದುರು ಮೆರೆಸಬೇಕೆಂದಿದ್ದುದು ಅದೇ ಫಲಿತಾಂಶವನ್ನು.

ಪಕ್ಕದಲ್ಲಿ ನಸ್ರೀನ್ ಕಿಟಕಿಗೆ ತಲೆ ಆನಿಸಿ ತೂಕಡಿಸುತ್ತಿದ್ದಳು. ಎಬ್ಬಿಸಿ ಹೇಳಬಹುದಿತ್ತು. ಹೇಳಲಿಲ್ಲ. ಓದಲಿ, ಹೆಸರು ಅವರದೊಂದೇ ತಾನೆ, ಮರ್ಯಾದೆ ಹೋದರೂ ಅವರೊಬ್ಬರದೇ ಹೋಗಲಿ — ಹಾಗಂದುಕೊಂಡೆ. ಖುಷಿಯಾಗಿತ್ತು. ಸುಳ್ಳೇಕೆ ಹೇಳಲಿ.

ಸಭೆಯ ದಿನ ನಾವಿಬ್ಬರೂ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಪ್ರೊಫೆಸರ್ ಚೆನ್ನಾಗಿಯೇ ಓದಿದರು. ಮುಗಿದ ಮೇಲೆ ವಯಸ್ಸಾದ ವಿಜ್ಞಾನಿಯೊಬ್ಬರು ಎದ್ದು ಮೆಲ್ಲಗೆ ಕೇಳಿದರು: "ಆಕಾಶದಿಂದ ಬಂದದ್ದಕ್ಕಿಂತ ಜಾಸ್ತಿ ಬಿಸಿಲು ನಿಮ್ಮ ಕೆರೆಗೆ ಸಿಕ್ಕಿದೆಯಲ್ಲ. ಎಲ್ಲಿಂದ ಬಂತು ಅದು?"

ಪ್ರೊಫೆಸರ್ ಹಾಳೆ ತಿರುವಿದರು. ಮತ್ತೆ ತಿರುವಿದರು. ಯಾರೋ ನಕ್ಕರು. ನಾನು ಕಾದಿದ್ದ ಗಳಿಗೆ ಅದು. ಆಗ ಅವರು ತಲೆಯೆತ್ತಿ ಹಿಂದಿನ ಸಾಲಿನತ್ತ ಕೈ ತೋರಿಸಿದರು.

"ಪ್ರೋಗ್ರಾಂ ಬರ್ದಿದ್ದು ಆ ಹುಡುಗಿ. ಟೈಪ್ ಮಾಡೋವಾಗ ಏನೋ ಎಡವಟ್ಟು ಮಾಡಿದಾಳೆ."

ಇಡೀ ಸಭೆ ನಸ್ರೀನಳತ್ತ ತಿರುಗಿತು. ಅವಳು ಎದ್ದು ನಿಂತಳು, ಶಾಲೆಯಲ್ಲಿ ಬೈಸಿಕೊಳ್ಳುವಾಗ ನಿಲ್ಲುವ ಹಾಗೆ. ನಾನು ಅವಳ ಪಕ್ಕದಲ್ಲೇ ಇದ್ದೆ. ಎದ್ದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಹೇಳಿದರೆ ತಪ್ಪು ನನ್ನದಾಗುತ್ತಿತ್ತು. ಪಿಎಚ್‌.ಡಿ. ಹೋಗುತ್ತಿತ್ತು. 'ನಿಮ್ಮ ಕಡೆಯೋರು' ಅನ್ನುವುದನ್ನು ಇನ್ನೊಮ್ಮೆ, ಈ ಸಲ ಎಲ್ಲರ ಬಾಯಲ್ಲಿ... ಇಲ್ಲ, ಇದು ನೆಪ. ನಾನು ಹೆದರಿದೆ, ಅಷ್ಟೆ.

ವಾಪಸು ಬರುವಾಗ ಬಸ್ಸಿನಲ್ಲಿ ನಸ್ರೀನ್ ಕೇಳಿದಳು: "ನೀನು ಬರ್ಕೊಟ್ಟಿದ್ದನ್ನೇ ಹಾಕಿದ್ದೆ ಅಲ್ವೇನೇ ಪದ್ಮಾ? ಎಲ್ಲಿ ತಪ್ಪಾಯ್ತು ಅಂತ ಗೊತ್ತಾಗ್ತಾನೇ ಇಲ್ಲ ಕಣೇ."

"ನೋಡ್ಬೇಕು" ಅಂದೆ.

ಆ ಒಂದು ಮಾತು. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಹೇಳಿಲ್ಲ.

ಮಾರನೆಯ ದಿನದಿಂದ ಅವಳಿಗೆ ಕಂಪ್ಯೂಟರ್ ಕೋಣೆಯ ಬಾಗಿಲು ತೆರೆಯಲಿಲ್ಲ. ಸುದ್ದಿ ಹೇಗೋ ಚಿಂತಾಮಣಿ ಮುಟ್ಟಿತು. ಅವಳ ಅಬ್ಬಾ ಕಾಲೇಜಿಗೇ ಬಂದರು. ಯಾರ ಮೇಲೂ ಕೂಗಾಡಲಿಲ್ಲ. "ಸಾಕು ಬೇಟಿ, ಮನೇಗ್ ನಡಿ. ಮಾತು ಅನ್ನಿಸ್ಕೊಂಡು ಓದೋದು ಬೇಡ" ಅಂದರು. ಅವಳು ನನ್ನತ್ತ ನೋಡಿ ಕೈ ಬೀಸಿ ಹೋದಳು. ನಾನೂ ಬೀಸಿದೆ.

ಸಮೀಕರಣವನ್ನು ಸದ್ದಿಲ್ಲದೆ ತಿದ್ದಿಕೊಂಡೆ. ಡಾಕ್ಟರೇಟ್ ಬಂತು, ಗೌರಿಬಿದನೂರಿನ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ನಮ್ಮ ಕೇರಿಯವರು ಹಾರ ಹಾಕಿದರು. ಅದನ್ನು ಬೇಡವೆನ್ನಲಿಲ್ಲ. ಓದಿದ್ದು ನಾನೇ, ದುಡಿದದ್ದು ನಾನೇ. ಆದರೆ ತರಗತಿಯಲ್ಲಿ ಯಾವುದಾದರೂ ಹುಡುಗಿ ಎದ್ದು ನಿಂತು ತಲೆ ತಗ್ಗಿಸಿದರೆ ನನ್ನ ಪಾಠ ಅಲ್ಲಿಗೇ ನಿಲ್ಲುತ್ತಿತ್ತು.

ಕೊನೆಗೆ ಒಂದು ಭಾನುವಾರ ಚಿಂತಾಮಣಿಗೆ ಹೋದೆ. ನಸ್ರೀನಳಿಗೆ ಮದುವೆಯಾಗಿ, ಮಗಳೂ ಶಾಲೆಗೆ ಸೇರಿದ್ದಳು. ಚಹಾ ಕೊಟ್ಟಳು. ಎಲ್ಲವನ್ನೂ ಹೇಳಿದೆ — ಬಸ್ಸಿನಲ್ಲಿ ತಪ್ಪು ಕಂಡದ್ದು, ಖುಷಿಪಟ್ಟದ್ದು, ಸಭೆಯಲ್ಲಿ ಏಳದೆ ಹೋದದ್ದು. ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ತನ್ನ ಬೆರಳುಗಳನ್ನೇ ನೋಡುತ್ತ ಅಂದಳು:

"ಮಗಳು ಕೂಡೋ ಲೆಕ್ಕ ತೋರಿಸಿದ್ರೂ ಮತ್ತೆ ಮತ್ತೆ ನೋಡ್ತೀನಿ ಪದ್ಮಾ. ಸರಿ ಇದೆ ಅನ್ನೋಕೆ ಧೈರ್ಯ ಬರಲ್ಲ. ಇಷ್ಟು ವರ್ಷ ನನ್ನ ಕೈನೇ ನಾನು ನಂಬಿಲ್ಲ."

ಆಮೇಲೆ ಅಂದಳು: "ನಂಗೊಬ್ಳಿಗೇ ಹೇಳಿದ್ರೆ ಸಾಲ್ದು. ಅವತ್ತು ಎಲ್ರೂ ಕೇಳ್ಸ್ಕೊಂಡ್ರಲ್ಲ. ಎಲ್ರ ಮುಂದೆ ಹೇಳು."

ಅದೇ ವರ್ಷ ಪ್ರೊಫೆಸರ್ ನಿವೃತ್ತರಾದರು. ಚಿಕ್ಕಬಳ್ಳಾಪುರದಲ್ಲಿ ಬೀಳ್ಕೊಡುಗೆ. ಶಿಷ್ಯೆಯಾಗಿ ನಾಲ್ಕು ಒಳ್ಳೆಯ ಮಾತಾಡಿ ಎಂದು ಕರೆ ಬಂತು. ಬೆಂಗಳೂರಿನ ಆ ಸಭೆಯಲ್ಲಿದ್ದ ಹಲವರು ಅಲ್ಲಿಯೂ ಇದ್ದರು. ನಸ್ರೀನ್ ಮುಂದಿನ ಸಾಲಿನಲ್ಲಿ ಬಂದು ಕೂತಳು. ನಾನು ಮೈಕಿನ ಮುಂದೆ ನಿಂತು ಹೇಳಿದೆ: ಸಮೀಕರಣ ತಪ್ಪಿದ್ದು ನನ್ನಿಂದ, ಪ್ರೋಗ್ರಾಂ ಸರಿಯಿತ್ತು. ಮುಚ್ಚಳದ ಯೋಚನೆಯೂ ನನ್ನದು, ಅದನ್ನು ತಮ್ಮದೆಂದು ಓದಿದವರು ಇಲ್ಲೇ ಹಾರ ಹಾಕಿಕೊಂಡು ಕೂತಿದ್ದಾರೆ. ಯಾರೋ ಮೈಕಿನ ವೈರು ಕಿತ್ತರು. ಉಳಿದದ್ದನ್ನು ಗಟ್ಟಿಯಾಗಿ, ಬರಿಗಂಟಲಲ್ಲೇ ಹೇಳಿ ಮುಗಿಸಿದೆ.

ಅವರ ಸಮಾರಂಭ ಕೆಡಿಸಿದ್ದಕ್ಕೆ ನನಗೆ ಯಾವ ದುಃಖವೂ ಇಲ್ಲ. ಆಮೇಲೆ ಬೇರೆ ಯಾರೋ ಹಿಮದಡಿ ಚಳಿಗಾಲ ಕಳೆದ ಕೆರೆಗಳನ್ನು ನಿಜವಾಗಿಯೂ ಕಂಡರಂತೆ. 'ನಿಮ್ಮ ಫಲಿತಾಂಶ ಸರಿಯೇ ಆಯಿತಲ್ಲ' ಎಂದು ಸಮಾಧಾನ ಹೇಳುವವರೂ ಸಿಗುತ್ತಾರೆ. ಆ ಸಮಾಧಾನ ನನಗೆ ಬೇಡ. ಅಂದು ನನ್ನ ಲೆಕ್ಕ ತಪ್ಪಾಗಿತ್ತು, ಅದು ನನಗೆ ತಿಳಿದಿತ್ತು.

ಆ ಬೀಳ್ಕೊಡುಗೆ ಮುಗಿದು ಹೊರಗೆ ಬಂದಾಗ ನಸ್ರೀನ್ ನಿಂತಿದ್ದಳು.

"ಹೇಳ್ದೆ. ಸರಿ" ಅಂದಳು. "ಆದ್ರೂ ಮನೆ ಕಡೆ ಬರ್ಬೇಡ ಕಣೇ. ಇನ್ನೂ ಆಗಲ್ಲ ನನ್ನ ಕೈಲಿ."

ನಾನು ತಲೆಯಾಡಿಸಿದೆ. ಅವಳು ಚಿಂತಾಮಣಿ ಬಸ್ಸು ಹತ್ತಿದಳು. ಪಕ್ಕದ ಸೀಟು ಖಾಲಿ ಇತ್ತು. ನಾನು ಹತ್ತಲಿಲ್ಲ.