ಕಾಕಾ ಮುಗಿಸಿಕೊಟ್ಟ ಮಾತು

ಶಿಗ್ಗಾಂವಿಯಲ್ಲಿ ನನ್ನದೊಂದು ಸಣ್ಣ ಹಲ್ಲಿನ ದವಾಖಾನೆ. ಅಲ್ಲಿ ಯಾವಾಗಲೂ ಲವಂಗದ ಎಣ್ಣೆಯದೇ ವಾಸನೆ. ನನ್ನ ಸೀರೆಗೆ, ಡಬ್ಬಿಯ ಚಪಾತಿಗೆ, ಕೊನೆಗೆ ನನ್ನ ಸಿಟ್ಟಿಗೂ ಅದೇ ವಾಸನೆ ಅಂಟಿಕೊಂಡಿದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಮೊನ್ನೆ ಬೆಳಿಗ್ಗೆ ಮಾತ್ರ ಅದನ್ನೂ ಮೀರಿಸಿ ಇನ್ನೊಂದು ವಾಸನೆ ಬಂತು. ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಿದ್ದವರ ತಲೆಯಿಂದ, ಕೂದಲು ಬೆಳೆಸುವ ತೈಲದ ವಾಸನೆ. ವಿಶೇಷವೆಂದರೆ ಆ ತಲೆಯ ಮೇಲೆ ಒಂದು ಕೂದಲೂ ಇರಲಿಲ್ಲ.

ತಲೆ ನಮ್ಮ ವೆಂಕಣ್ಣಕಾಕಾನದು. ಅಪ್ಪನ ತಮ್ಮ, ಹಾನಗಲ್ಲಿನ ವಕೀಲ. ಪಕ್ಕದ ಸ್ಟೂಲಿನ ಮೇಲೆ ಅವನ ಹೆಂಡತಿ ಇಂದಿರಾಕಾಕು, ಮಡಿಲಲ್ಲಿ ಅವನ ಚಷ್ಮಾ ಹಿಡಿದುಕೊಂಡು ಕೂತಿದ್ದಳು. ಇಂಜೆಕ್ಷನ್ ಕೊಟ್ಟು, ಬಾಯಿಯ ಎರಡೂ ಬದಿಗೆ ಹತ್ತಿ ತುರುಕಿ, ದವಡೆ ಜೋಮು ಹಿಡಿಯಲೆಂದು ನಾನು ಕಾಯುತ್ತಿದ್ದೆ. ಈ ಕಾಯುವ ಹೊತ್ತಿನಲ್ಲಿ ರೋಗಿಯೊಡನೆ ಹರಟುವುದು ನನ್ನ ಚಟ. ಮಗಳ ಪರೀಕ್ಷೆ ಹೇಗಾಯಿತು, ಹೊಸ ಮನೆ ಎಲ್ಲಿಗೆ ಬಂತು ಎಂದೆಲ್ಲ ಕೇಳುತ್ತೇನೆ. ಬಾಯಿ ತುಂಬ ಹತ್ತಿ ಇರುವುದರಿಂದ ಉತ್ತರವನ್ನೂ ನಾನೇ ಹೇಳಿಕೊಳ್ಳುತ್ತೇನೆ. ಹಲ್ಲು ಕೊರೆಯುವ ಯಂತ್ರ ಕೈಗೆತ್ತಿಕೊಳ್ಳುವ ಮೊದಲು "ನೋವಿಲ್ಲಲ್ಲಾ? ಇಲ್ಲ" ಎಂದುಬಿಡುತ್ತೇನೆ. "ನೋವು ಅದ" ಎಂದವರು ಈತನಕ ಒಬ್ಬರೂ ಸಿಕ್ಕಿಲ್ಲ. ಅದನ್ನು ನನ್ನ ಕೈಗುಣವೆಂದೇ ನಂಬಿದ್ದೇನೆ.

ಈ ಗುಣ ನನಗೆ ಬಂದದ್ದು ಕಾಕಾನ ಕಡೆಯಿಂದಲೇ ಇರಬೇಕು. ಇನ್ನೊಬ್ಬರ ಮಾತನ್ನು ಅವರೇ ಮುಗಿಸಲು ಅವನು ಬಿಟ್ಟವನಲ್ಲ. ಬಸ್ ಸ್ಟ್ಯಾಂಡಿನ ಮೈಕಿನಲ್ಲಿ "ಹಿರೇಕೆರೂರಿಗೆ ಹೋಗುವ ಬಸ್ಸು..." ಎನ್ನುವಷ್ಟರಲ್ಲಿ "ತಡಾ ಅದ" ಎಂದು ಇವನೇ ಮುಗಿಸುತ್ತಿದ್ದ. ಬಹಳ ಸಲ ಸರಿಯಾಗಿಯೇ ಇರುತ್ತಿತ್ತು, ತೊಂದರೆ ಅಲ್ಲಿಯೇ. ಒಮ್ಮೆ ಕೋರ್ಟಿನಲ್ಲಿ ಎದುರು ಪಕ್ಷದ ಸಾಕ್ಷಿ "ನಾ ಹೊಲದ ಕಡೆ ಹೋದಾಗ..." ಎಂದು ತಡವರಿಸಿದ. ಕಾಕಾ ತಡೆಯಲಾರದೆ "ಇವರು ಬದುವು ಒಡೀಲಿಕ್ಕತ್ತಿದ್ರು" ಎಂದು ಪೂರ್ತಿಮಾಡಿದ. ಒಡೆದವರು ಇವನ ಕಕ್ಷಿದಾರರೇ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಬಹಳ ಹೊತ್ತು ಇವನನ್ನು ನೋಡಿದರಂತೆ.

ಅವನನ್ನು ಪೂರಾ ಬೈಯುವ ಹಾಗೂ ಇಲ್ಲ. ನಮ್ಮ ಮನೆತನಗಳಲ್ಲಿ ಪಾರಾಯಣಕ್ಕೆ ಸಾಲಾಗಿ ಕೂತಾಗ ಒಂದು ರೂಢಿ ಇದೆ. ಹೇಳುವವನು ನಡುವೆ ಮರೆತು ನಿಂತರೆ ಪಕ್ಕದವನು ಮುಂದಿನ ಶಬ್ದ ಎತ್ತಿಕೊಡಬೇಕು. ಅದನ್ನು ತಪ್ಪು ಹಿಡಿದದ್ದೆಂದು ಯಾರೂ ತಿಳಿಯುವುದಿಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿ ಕೂತವನೇ ಕೆಟ್ಟವನು. ಕಾಕಾ ಧೋತರ ಉಡುವ ಮೊದಲೇ ಇದನ್ನು ಕಲಿತಿದ್ದ. ಪಾರಾಯಣ ಮುಗಿದು ಎದ್ದ ಮೇಲೆ ಅದನ್ನು ನಿಲ್ಲಿಸಬೇಕೆಂದು ಮಾತ್ರ ಅವನಿಗೆ ಯಾರೂ ಕಲಿಸಲಿಲ್ಲ.

ಹೀಗಿರುವಾಗ ಟೀವಿಯವರು ನಮ್ಮ ಕಡೆ ಬಂದರು. ಶಬ್ದ ಮತ್ತು ಲೆಕ್ಕದ ಆಟ. ಫಲಕದ ಮೇಲಿನ ಅಕ್ಷರಗಳಿಂದ ಎಲ್ಲಕ್ಕಿಂತ ಉದ್ದದ ಶಬ್ದ ಕಟ್ಟಬೇಕು, ಕೊಟ್ಟ ಅಂಕಿಗಳನ್ನು ಕೂಡಿಸಿ ಕಳೆದು ಕೇಳಿದ ಸಂಖ್ಯೆ ತರಬೇಕು. ನಾಲ್ಕು ತಾಲ್ಲೂಕುಗಳಿಂದ ಒಬ್ಬೊಬ್ಬರಂತೆ ಆರಿಸಿದರು. ಹಾನಗಲ್ಲಿನಿಂದ ಕಾಕಾ. ಫೋನು ಬಂದ ದಿನವೇ ಅವನು ಗೆದ್ದವರ ಧಾಟಿಯಲ್ಲಿ ನಡೆಯತೊಡಗಿದ. ಕಾಕು ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನಾನೂ ಅಲ್ಲಿದ್ದೆ.

"ಗೆದ್ರ ಗೆಲ್ರಿ. ಸೋತ್ರ ಮಾತ್ರ ನಂದೊಂದು ನಡಸಿಕೊಡಬೇಕು" ಎಂದಳು ಕಾಕು. "ನಾ ಮಾತಾಡೂ ಮುಂದ ನೀವು ನನ್ನ ಮಾತು..."

"ಲಕ್ಷ್ಯಗೊಟ್ಟು ಕೇಳಬೇಕು! ಕೇಳ್ತೇನಿ ತಗೋ" ಎಂದ ಕಾಕಾ.

"ಅದಲ್ಲರಿ. ನನ್ನ ಮಾತು ನನಗ ಮುಗಸ್ಲಿಕ್ಕೆ ಬಿಡಬೇಕು."

ಕಾಕಾ ಗಹಗಹಿಸಿ ನಕ್ಕು ಒಪ್ಪಿಕೊಂಡ. ಸೋಲುವ ಮಾತೇ ಇಲ್ಲದ ಮೇಲೆ ಒಪ್ಪಲಿಕ್ಕೆ ಏನಂತೆ? ಕಾಕು ನಗಲಿಲ್ಲ. ಅವಳ ಬೆರಳುಗಳು ಸುಲಿಯುವುದನ್ನು ನಿಲ್ಲಿಸಿದ್ದವು. ಇದು ಅವಳಿಗೆ ಚೇಷ್ಟೆಯ ಮಾತಲ್ಲ ಎಂದು ನನಗೆ ಆಗಲೇ ತಿಳಿಯಿತು.

ಆಟ ನಡೆದದ್ದು ನಮ್ಮ ಶಿಗ್ಗಾಂವಿಯ ಒಂದು ಕಲ್ಯಾಣಮಂಟಪದಲ್ಲಿ. ಹಿಂದಿನ ದಿನದ ಮದುವೆಯ ವಧೂವರರ ಹೆಸರು ಥರ್ಮೊಕೋಲಿನಲ್ಲಿ ಗೋಡೆಯ ಮೇಲೆ ಹಾಗೆಯೇ ಇತ್ತು. ಅದರ ಮುಂದೆ ನೀಲಿ ಪರದೆ ಬಿಟ್ಟು ಜ್ಞಾನದ ವಾತಾವರಣ ನಿರ್ಮಿಸಿದ್ದರು. ಆಟಕ್ಕೆ ಮೊದಲು ನಮಗೆಲ್ಲ ಚಪ್ಪಾಳೆಯ ತರಬೇತಿ ಆಯಿತು. ವೇದಿಕೆಯ ಮೇಲೆ ಇನ್ನೂ ಯಾರೂ ಏನೂ ಹೇಳಿರಲಿಲ್ಲ, ಆದರೂ ನಾವು ಅಚ್ಚರಿಪಟ್ಟು ಚಪ್ಪಾಳೆ ತಟ್ಟಿದೆವು. ಕ್ಯಾಮರಾದವನು ಅದನ್ನು ಮೊದಲೇ ಹಿಡಿದಿಟ್ಟುಕೊಂಡ. ಆಮೇಲೆ ಟೀವಿಯಲ್ಲಿ ನೋಡಿದಾಗ, ಕಾಕಾ ತಪ್ಪು ಲೆಕ್ಕ ಹೇಳಿದ ಕಡೆಯಲ್ಲೆಲ್ಲ ನಾನು ಮೆಚ್ಚಿ ತಲೆದೂಗುತ್ತಿದ್ದೆ.

ಮೊದಲ ಸುತ್ತಿನಲ್ಲಿಯೇ ತಡಸದ ಹುಡುಗಿ, ಹಂಸಭಾವಿಯ ಮಾಸ್ತರು ಇಬ್ಬರೂ ಹೊರಬಿದ್ದರು. ಉಳಿದವರು ಕಾಕಾ ಮತ್ತು ಸವಣೂರಿನ ವೀಳ್ಯದೆಲೆ ವ್ಯಾಪಾರಿ ಹುಸೇನಸಾಬರು. ಲೆಕ್ಕ ಬಂದಾಗ ಹುಸೇನಸಾಬರು ಎಲೆಯ ಕಟ್ಟು ಎಣಿಸುವ ಸಲೀಸಿನಲ್ಲಿ ಉತ್ತರ ಹೇಳುತ್ತಿದ್ದರು; ಕಾಕಾ ಮುಂದಿನ ತಾರೀಖು ಕೇಳುವವನಂತೆ ಛಾವಣಿ ನೋಡುತ್ತಿದ್ದ. ಶಬ್ದ ಬಂದಾಗ ಕಾಕಾನದೇ ದರ್ಬಾರು. ಕೊನೆಯ ಶಬ್ದ ಉಳಿದಾಗ ಇಬ್ಬರೂ ಸರಿಸಮನಾಗಿದ್ದರು. ನಿರೂಪಕಿ "ಸೂಪರ್! ಸೂಪರ್!" ಎಂದು ಕಿರುಚಿದಳು. ಅವಳು ಬೆಳಿಗ್ಗೆಯಿಂದ ಕುಡಿಯುವ ನೀರಿಗೂ ಹಾಗೆಯೇ ಎಂದಿದ್ದಳು.

ಫಲಕ ತೆರೆಯಿತು. ಹುಸೇನಸಾಬರು ಮೊದಲು ಗುಂಡಿ ಒತ್ತಿದರು. ನಿಯಮ ಸರಳ: ಗಡಿಯಾರದ ಮುಳ್ಳು ಸುತ್ತಿ ಬರುವುದರೊಳಗೆ ಅವರು ಶಬ್ದ ಹೇಳದಿದ್ದರೆ ಸರದಿ ಕಾಕಾನದು. ಕಾಕಾನ ತುಟಿಯ ಮೂಲೆಯ ನಗು ನೋಡಿದರೆ ಶಬ್ದ ಅವನಿಗೆ ಸಿಕ್ಕಿಬಿಟ್ಟಿತ್ತು. ಅವನು ಮಾಡಬೇಕಾದದ್ದು ಒಂದೇ, ಸುಮ್ಮನಿರುವುದು.

"ಸಹನ..." ಎಂದರು ಹುಸೇನಸಾಬರು. ಹಣೆ ಒರೆಸಿಕೊಂಡರು. "ಸಹನ... ಏನೋ ಐತಲ್ಲರಿ ಮುಂದ. ಬಾಯಾಗ ಬರಾಕತ್ತೈತಿ, ಹೊರಗ ಬರವಲ್ದು. ಸಹನ..."

ಮುಳ್ಳು ಸುತ್ತುತ್ತಿತ್ತು. ಕಾಕಾನ ಕೊರಳಿನ ನರ ಉಬ್ಬಿದ್ದು ನನಗೆ ಎರಡನೆಯ ಸಾಲಿನಿಂದಲೇ ಕಂಡಿತು. ಕಾಕು ನನ್ನ ಕೈ ಹಿಡಿದುಕೊಂಡಳು. ಗೆಲ್ಲಲೆಂದೋ ಸೋಲಲೆಂದೋ ನಾನು ಕೇಳಲಿಲ್ಲ.

"ಸಹನ..."

"ಶೀಲತೆ!" ಎಂದ ಕಾಕಾ.

"ಹಾಂ! ಸಹನಶೀಲತೆ!" ಹುಸೇನಸಾಬರು ಉಸಿರುಬಿಟ್ಟರು. "ಭಾಳ ಉಪಕಾರ ಆತ್ರಿ ವಕೀಲ್ ಸಾಹೇಬ್ರ."

"ಅದಕ್ಕೇನ ಬಿಡ್ರಿ" ಎಂದು ಕಾಕಾ ಕೈ ಜೋಡಿಸಿದ. ಅವನಿಗೆ ಇನ್ನೂ ತಾನೇನು ಮಾಡಿದೆನೆಂದು ಹೊಳೆದಿರಲಿಲ್ಲ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡವನೊಬ್ಬ ಪರದೆಯ ಹಿಂದಿನಿಂದ ಓಡಿಬಂದ. ಸರದಿ ಬಿಟ್ಟು ಬಾಯಿ ತೆರೆದವರು ಸುತ್ತು ಕಳೆದುಕೊಳ್ಳುತ್ತಾರೆ, ಇನ್ನೊಬ್ಬರು ಗೆದ್ದಂತೆ ಎಂದ. ಆಗ ಕಾಕಾ ವಕೀಲನಾದ. "ನಾ ಉತ್ತರಾ ಕೊಟ್ಟಿಲ್ಲ. ಮುಗ್ಗರಿಸಿದ ಮನಷ್ಯಾನ ಕೈ ಹಿಡದೇನಿ. ಇದು ಸಹಾಯ!" ಎಂದು ಬಹಳ ವಾದಿಸಿದ. ನಿರೂಪಕಿ "ಸರ್, ರೂಲ್ಸ್ ಸರ್" ಎಂದಷ್ಟೇ ಹೇಳಿ ಅವನ ಅಷ್ಟೂ ವಾದವನ್ನು ವಜಾ ಮಾಡಿದಳು. ಗೆದ್ದವರಿಗೆ ಫ್ರಿಜ್ಜು ಬಂತು. ಸೋತವರಿಗೆ ಪ್ರಾಯೋಜಕರ ವತಿಯಿಂದ ಒಂದು ಪೆಟ್ಟಿಗೆ ತುಂಬ ಕೂದಲು ಬೆಳೆಸುವ ತೈಲ. ಅದನ್ನು ಕಾಕಾನ ಬೋಳುತಲೆಯ ಪಕ್ಕ ಹಿಡಿದು ಫೋಟೋ ತೆಗೆದರು.

ಹೊರಗೆ ಅಂಗಳದಲ್ಲಿ ಜೀಪು ಹತ್ತುವಾಗ ಹುಸೇನಸಾಬರು ಓಡುತ್ತ ಬಂದರು. "ಫ್ರಿಜ್ಜಿನ ಮ್ಯಾಲಿನ ಖಾನೆ ನಿಮ್ಮದ ಅಂತ ತಿಳೀರಿ ಸಾಹೇಬ್ರ" ಎಂದು ಕಾಕಾನ ಕೈ ಕುಲುಕಿ, ಕಾಕುವಿನ ಕಡೆ ತಿರುಗಿದರು. "ಅಕ್ಕಾರ, ನೀವು ನಮ್ಮೂರ ಮಗಳಂತ. ತಗೋರಿ, ಸವಣೂರ ಖಾರಾ" ಎಂದು ದೊಡ್ಡದೊಂದು ಪೊಟ್ಟಣ ಕೊಟ್ಟರು.

ಸವಣೂರು ಖಾರಾ ಎಂಬ ಆ ಕುರುಕಲು ತಿನಿಸು ಕಾಕುವಿಗೆ ಪ್ರಾಣ ಎನ್ನುವುದು ನಮ್ಮ ಬಳಗಕ್ಕೆಲ್ಲ ಗೊತ್ತಿದ್ದ ಸಂಗತಿ. ಹಾನಗಲ್ಲಿಗೆ ಹೋಗುವವರು ಯಾರೇ ಇರಲಿ, ನಾನೂ ಸೇರಿ, ಅದನ್ನು ಒಯ್ಯದೆ ಹೋಗುತ್ತಿರಲಿಲ್ಲ. ಕಾಕು ಪೊಟ್ಟಣ ತೆಗೆದುಕೊಂಡು, "ಅಯ್ಯ, ಖಾರಾ ಅಂದ್ರ ನನಗ..." ಎಂದು ರೂಢಿಯಂತೆ ಅಲ್ಲಿಗೆ ನಿಂತಳು.

ಅಲ್ಲಿಂದ ಮುಂದೆ ಯಾವಾಗಲೂ ಕಾಕಾನ ಪಾಳಿ. "ಜೀವ!" ಎನ್ನುತ್ತಿದ್ದ. ಈ ಸಲ ಅವನ ಬಾಯಿ ತೆರೆಯಿತು, ಕೊಟ್ಟ ಮಾತು ನೆನಪಾಯಿತು, ಮುಚ್ಚಿಕೊಂಡಿತು. ನಾವೆಲ್ಲ ನಿಂತು ಕಾದೆವು. ಯಾರೂ ಎತ್ತಿಕೊಡದಿದ್ದಾಗ ಕಾಕುವಿಗೇ ಗಾಬರಿಯಾದಂತೆ ಕಂಡಿತು. ಕೊನೆಗೆ ತಾನೇ ಮುಗಿಸಿದಳು.

"...ಮೊದಲಿಂದಲೂ ಸೇರೂದಿಲ್ಲ. ತಿಂದ್ರ ಎದಿ ಉರೀತದ."

ಜೀಪಿನ ಡ್ರೈವರು ಕೂಡ ತಿರುಗಿ ನೋಡಿದ. ಮೊದಲು ನಕ್ಕವರು ಹುಸೇನಸಾಬರೇ. "ನಮ್ಮ ಮನ್ಯಾಗೂ ಯಾರೂ ತಿನ್ನಂಗಿಲ್ರಿ ಅಕ್ಕಾರ! ಬಂದವ್ರಿಗೆ ಕೊಡಾಕ ಇಟ್ಟಿರ್ತೇವಿ" ಎಂದರು.

ಕಾಕಾ ಮಾತ್ರ ನಗಲಿಲ್ಲ. "ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?" ಎಂದು ಕೇಳಿದ.

"ಹೇಳ್ಲಿಕ್ಕೇ ಹೊಂಟಿದ್ದೆರಿ. ಲಗ್ನ ಆದ ವರ್ಷನ ಸುರು ಮಾಡಿದ್ದೆ."

ನನಗೂ ನಗು ಬಂತು, ಬೆನ್ನಿಗೇ ನಾನು ಒಯ್ದುಕೊಟ್ಟ ಪೊಟ್ಟಣಗಳೆಲ್ಲ ನೆನಪಾದವು. ಕಾಕಾ ತೈಲದ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಕೂತ. ಆಟ ಸೋತದ್ದಕ್ಕಿಂತ ಆ ಖಾರಾದ ಉತ್ತರ ತಪ್ಪಿದ್ದು ಅವನಿಗೆ ಹೆಚ್ಚು ನಾಟಿತ್ತು.

ಹೇಳಬೇಕಾದ ಮಾತೆಂದರೆ, ಅವನು ಕೊಟ್ಟ ಮಾತು ತಪ್ಪಲಿಲ್ಲ. ಕಾಕು ಮಾತಾಡುವಾಗ ಎರಡೂ ತುಟಿ ಒಳಗೆಳೆದುಕೊಂಡು ಕೂಡುವುದನ್ನು ಕಲಿತ. ಕಾಕುವಿನ ವಾಕ್ಯಗಳು ಮೊದಮೊದಲು ತಡವರಿಸಿದವು, ಆಮೇಲೆ ದಡ ಸೇರಿದವು, ಆಮೇಲೆ ದಡ ದಾಟಿ ಅಕ್ಕಪಕ್ಕದವರ ವಾಕ್ಯದೊಳಗೂ ನುಗ್ಗಿದವು. ತೈಲ ಹಾಳಾಗಬಾರದೆಂದು ದಿನಾ ಬೆಳಿಗ್ಗೆ ಅವನ ತಲೆಗೆ ಅವಳೇ ತಿಕ್ಕುತ್ತಾಳೆ. ಪೆಟ್ಟಿಗೆ ಖಾಲಿಯಾದ ಮೇಲೆ ಅದನ್ನೇ ಅಂಗಡಿಯಿಂದ ತರಿಸತೊಡಗಿದ್ದಾಳೆ. ಕೂದಲು ಬರುತ್ತಿದೆ ಎಂದು ಅವಳೇ ಹೇಳುತ್ತಾಳೆ. ಕಾಕಾ ಇಲ್ಲ ಎನ್ನುವುದಿಲ್ಲ.

ಇಷ್ಟು ನೆನೆಯುವುದರೊಳಗೆ ಜೋಮು ಹಿಡಿಯುವ ಹೊತ್ತಾಗಿತ್ತು. ಯಂತ್ರ ಕೈಗೆತ್ತಿಕೊಂಡು "ಕಾಕಾ, ನೋವಿಲ್ಲಲ್ಲಾ?" ಎಂದೆ. "ಇಲ್ಲ" ಎಂದು ನಾನೇ ಹೇಳುವುದಿತ್ತು. ಆ ತೈಲದ ವಾಸನೆಗೆ ನನ್ನ ನಾಲಿಗೆ ತಡೆಯಿತು.

ನಾನು ಬಿಟ್ಟ ಜಾಗಕ್ಕೆ ಕಾಕು ಬಂದಳು. "ಇಲ್ಲವಾ, ಏನೂ ನೋವಿಲ್ಲ ಇವರಿಗೆ. ಪೂರಾ ಜೋಮ ಹಿಡದದ. ನೀ ನಡಸು."

ಕಾಕಾನ ಬಾಯಿ ಹತ್ತಿಯ ನಡುವೆ ಅಗಲವಾಗಿ ತೆರೆದಿತ್ತು. ಕಣ್ಣಂಚಿನಲ್ಲಿ ನೀರು. ಒಂದು ಕೈ ಕುರ್ಚಿಯ ಹಿಡಿಯಿಂದ ಮೆಲ್ಲಗೆ ಮೇಲೆದ್ದಿತ್ತು, ಕೋರ್ಟಿನಲ್ಲಿ ಅಪ್ಪಣೆ ಕೇಳುವವನ ಹಾಗೆ.

ಯಂತ್ರ ಬದಿಗಿಟ್ಟೆ. ಹತ್ತಿಯನ್ನು ಒಂದೊಂದಾಗಿ ಹೊರತೆಗೆದೆ. ಕಾಕು ಮತ್ತೇನೋ ಹೇಳಲು ಹೊರಟವಳನ್ನು ಕೈಸನ್ನೆ ಮಾಡಿ ತಡೆದೆ. ಜೋಮು ಹಿಡಿದ ತುಟಿ ಎಷ್ಟೋ ಹೊತ್ತು ತಿಣುಕಾಡಿತು. ಆ ಶಬ್ದ ಯಾವುದೆಂದು ನನಗೆ ಗೊತ್ತಿತ್ತು, ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹಲ್ಲು ಕಚ್ಚಿ ಕಾದೆ.

"ಅದ" ಎಂದ ಕಾಕಾ.