ಪುಗಸಟ್ಟೆ ಆನೆ

ಇವತ್ತಿನವರೆಗೆ ನಾನು ಒಂದೇ ಒಂದು ಸಾಫ್ಟ್‌ವೇರನ್ನೂ ಕೊಂಡವನಲ್ಲ. ಕದ್ದವನೂ ಅಲ್ಲ, ನಾನು ಕದಿಯುವುದೇನಿದ್ದರೂ ಮಂದಿಯ ದನಿ. ಹುನಗುಂದ ಬಸ್ಸಿನ ಕಂಡಕ್ಟರನ ಕೂಗಿನಿಂದ ಹಿಡಿದು ನಮ್ಮಪ್ಪನ ಕೆಮ್ಮಿನವರೆಗೆ ನಾನು ಅಣಕಿಸದ ಗಂಟಲು ನವನಗರದ ನಮ್ಮ ಓಣಿಯಲ್ಲಿ ಉಳಿದಿಲ್ಲ. ಅಷ್ಟು ಪಾಪ ಸಾಕು ಅಂತ ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಸಜ್ಜನನಾಗಿದ್ದೇನೆ.

ನನ್ನ ಹಳೇ ಲ್ಯಾಪ್‌ಟಾಪಿನಲ್ಲಿರುವುದೆಲ್ಲ ಮಾಡಿದವರೇ ಕರೆದು ಹಂಚಿದ ಸರಕು: ಪತ್ರ ಬರೆಯುವುದು, ದನಿ ಕತ್ತರಿಸುವುದು, ಚಿತ್ರ ತಿದ್ದುವುದು. ಅವ್ವನಿಗೆ ಇದರ ಮೇಲೆ ಭಾಳ ಗುಮಾನಿ. ಸಂತೆಯಲ್ಲಿ ಕಾಯಿಪಲ್ಯದ ಮೇಲೆ ಕರಿಬೇವು ಪುಗಸಟ್ಟೆ ಹಾಕಿಸಿಕೊಳ್ಳದೆ ಕದಲದ ಹೆಂಗಸು, ಕಂಪ್ಯೂಟರಿನೊಳಗೆ ಪುಗಸಟ್ಟೆ ಬಂದದ್ದನ್ನು ನಂಬಬಾರದು ಅನ್ನುತ್ತಾಳೆ. ಇದು ಬರೇ ಪುಗಸಟ್ಟೆ ಅಲ್ಲ, 'ಮುಕ್ತ ತಂತ್ರಾಂಶ', ಇದರ ಒಳಗನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು ಅಂತ ನಾನು ಪ್ರವಚನ ಶುರುಮಾಡಿದೆ. ಇಂಗ್ಲಿಷಿನವರಿಗೆ ಪುಗಸಟ್ಟೆಗೂ ಸ್ವತಂತ್ರಕ್ಕೂ ಒಂದೇ ಶಬ್ದ, 'ಫ್ರೀ'. ಪಾಪ, ಬಿಡಿಸಿ ಹೇಳಲು ಇನ್ನೂ ಒದ್ದಾಡುತ್ತಿದ್ದಾರೆ. ನಮಗೆ ಆ ತೊಂದರೆ ಇಲ್ಲ, ಬೇರೆ ತೊಂದರೆ ಇದೆ. ಶರಣರ ವಚನ ಬಾಯಿಪಾಠವಿರುವ ಅಪ್ಪ 'ಮುಕ್ತ' ಅಂದದ್ದು ಕಿವಿಗೆ ಬಿದ್ದದ್ದೇ ಪೇಪರು ಕೆಳಗಿಳಿಸಿ, "ಕಂಪ್ಯೂಟರಿಗೆ ಮುಕ್ತಿ ಸಿಕ್ತು ಅಂದಂಗಾತು. ನಿನ್ನಿಂದ ನಮಗ ಯಾವಾಗ ಸಿಗತದಲೇ?" ಅಂದರು.

ನನ್ನ ಪ್ರವಚನದ ಕೀರ್ತಿ ಇಳಕಲ್ಲಿನ ಚಿಗವ್ವನಿಗೆ ಮುಟ್ಟಿತು. ಚಿಗವ್ವ ಅಂದರೆ ಅವ್ವನ ತಂಗಿ. ಕಸೂತಿಯಲ್ಲಿ ಎತ್ತಿದ ಕೈ. ಬಸುರಿ ಮಗಳು ಸವಿತಾಗೆ ಏಳು ತಿಂಗಳು ತುಂಬುತ್ತಿತ್ತು, ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಉಳಿದದ್ದು ಮೂರೇ ವಾರ. ಅವತ್ತು ಮಗಳಿಗೆ ಉಡಿಸುವ ಸೀರೆಯ ಮೇಲೆ ತನ್ನವ್ವ ಹಾಕುತ್ತಿದ್ದ ಆನೆಯೇ ಬರಬೇಕೆಂದು ಚಿಗವ್ವನ ಹಟ. ಆ ಆನೆ ಉಳಿದಿದ್ದದ್ದು ಒಂದೇ ಕಡೆ, ಅಜ್ಜಿಯ ಹಳೇ ಕುಪ್ಪಸದ ತೋಳಿನ ಮೇಲೆ. ಬಟ್ಟೆ ಮುಟ್ಟಿದರೆ ಪಿಸಿಯುತ್ತಿತ್ತು. ಚಿಗವ್ವನ ಕಣ್ಣಿಗೆ ಪೊರೆ ಬಂದಿತ್ತು. ಹೊಸ ಸೀರೆಯ ಎಳೆಗಳನ್ನು ಹೇಗೋ ಬೆರಳಿನಲ್ಲೇ ಎಣಿಸುತ್ತಿದ್ದಳು, ಆದರೆ ಮಾಸಿದ ಆನೆಯ ಹೊಲಿಗೆ ಅವಳಿಗೆ ಕಾಣುತ್ತಿರಲಿಲ್ಲ. ನಿನ್ನ ಪುಗಸಟ್ಟೆ ಪೆಟ್ಟಿಗೆಯಿಂದ ಇದನ್ನು ದೊಡ್ಡದು ಮಾಡಿಕೊಡಲು ಆಗುತ್ತದೇನು ಅಂತ ಕೇಳಿದಳು.

ಹೋಗಿ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದೆ. ಇನ್ನೊಂದು ಇನ್ನೂ ಚೆನ್ನಾಗಿ ಬರಲಿ ಅಂತ ತೋಳನ್ನು ಸ್ವಲ್ಪ ಜಗ್ಗಿದ್ದೇ ತಪ್ಪಾಯಿತು, ಆನೆಯ ಹಣೆಯ ಹತ್ತಿರ ಬಟ್ಟೆ ಹರಿಯಿತು. ಚಿಗವ್ವ ಬೈಯಲಿಲ್ಲ. ಬೈದಿದ್ದರೆ ಅದನ್ನೂ ಅಣಕಿಸಿ ಹಗುರಾಗುತ್ತಿದ್ದೆ.

ಮನೆಗೆ ಬಂದು, ಚಿತ್ರದ ತಂತ್ರಾಂಶದಲ್ಲಿ ಫೋಟೋ ಕೆಳಗಿಟ್ಟು, ಮೇಲೊಂದು ಪದರಿನಲ್ಲಿ ಚೌಕದ ಮನೆಗಳನ್ನು ಹಾಸಿ, ಹೊಲಿಗೆಗೊಂದು ಗೆರೆಯಂತೆ ಎಳೆದೆ. ಎರಡು ದಿನಕ್ಕೆ ಆನೆ ಎದ್ದು ನಿಂತಿತು. ಹಣೆಯಿಂದ ಕಣ್ಣಿಗೆ ಮಾತ್ರ ಒಂದು ಡೊಂಕು ಗೆರೆ, ಬೆಕ್ಕು ಪರಚಿದ ಹಾಗೆ. ಅಣಕಿಸುವವರಿಗೆ ಒಂದು ಚಟವಿದೆ: ಒಬ್ಬ ಮನುಷ್ಯನಲ್ಲಿ ಎದ್ದು ಕಾಣುವ ಎರಡು ಮೂರನ್ನು ಹಿಡಿದು, ಉಳಿದದ್ದೆಲ್ಲ ಬೇಡವಾದದ್ದೆಂದು ಬಿಡುವುದು. ಅಜ್ಜಿಯ ಕೈ ತಪ್ಪಿರಬೇಕೆಂದು ಗೆರೆ ಅಳಿಸಿದೆ. ಆನೆ ಚೊಕ್ಕವಾಯಿತು. ದೊಡ್ಡ ಹಾಳೆಯಲ್ಲಿ ಪ್ರಿಂಟು ತೆಗೆಸಿ ಮತ್ತೆ ಇಳಕಲ್ ಬಸ್ಸು ಹತ್ತಿದೆ.

ಚಿಗವ್ವ ಹಾಳೆ ನೋಡಿದಳು. ಆಮೇಲೆ ಅದನ್ನು ತಿರುವಿ ಹಾಕಿದಳು.

"ಹಿಂದ ಏನೂ ಇಲ್ಲಲ್ಲೋ?"

ನಾನು ಬಿದ್ದು ಬಿದ್ದು ನಕ್ಕೆ. ಅದೇ ಮಾತನ್ನು ಅದೇ ದನಿಯಲ್ಲಿ ಸವಿತಾಗೆ ಮಾಡಿಯೂ ತೋರಿಸಿದೆ. ಸವಿತಾ ನಗಲಿಲ್ಲ. ಅಣ್ಣ, ಕಸೂತಿ ಹಿಂದೆ ಮುಂದೆ ಒಂದೇ ತರ ಇರಬೇಕು, ಗಂಟು ಹಾಕುವ ಹಾಗಿಲ್ಲ, ನೋಡುವವರು ಮೊದಲು ತಿರುವಿಯೇ ನೋಡುತ್ತಾರೆ ಅಂದಳು. ಅಷ್ಟರಲ್ಲಿ ಚಿಗವ್ವ ಹಾಳೆಯ ಮೇಲೆ ಸೂಜಿ ನಡೆಸತೊಡಗಿದ್ದಳು. ಸೂಜಿ ಹೋಗುವಾಗ ಒಂದು ಮನೆ ಬಿಟ್ಟು ಒಂದು ತುಂಬಿ, ಬಿಟ್ಟದ್ದನ್ನು ತಿರುಗಿ ಬರುವಾಗ ತುಂಬಬೇಕು. ಸೊಂಡಿಲು, ಕಾಲು, ಬೆನ್ನು ಸುತ್ತಿ ಬಂದ ಸೂಜಿ ಹಣೆಯ ಹತ್ತಿರ ನಿಂತಿತು.

"ಕಣ್ಣಿಗೆ ಹೆಂಗ ಹೋಗ್ಲಿ? ಜಿಗದು ಹೋದ್ರ ಹಿಂದ ದಾರ ಕಾಣತದ. ಇಲ್ಲೊಂದು ಗೆರಿ ಇರಬೇಕಲ್ಲ."

"ಇತ್ತು ಚಿಗವ್ವ. ಅಜ್ಜಿ ತಪ್ಪಿ ಹಾಕ್ಯಾಳ ಅಂತ ತಗದೆ."

"ತಪ್ಪಲ್ಲಪಾ, ಅದು ದಾರಿ. ನಮ್ಮವ್ವ ಯಾವ ಮನಿಯಿಂದ ಇಳದಿದ್ಲು ಅಂತ ಈಗ ಯಾರನ್ನ ಕೇಳ್ಲಿ?"

ಕುಪ್ಪಸದ ಹಣೆ ನನ್ನ ಕೈಯಲ್ಲೇ ಹರಿದಿತ್ತು. ಲ್ಯಾಪ್‌ಟಾಪ್ ತೆಗೆದು ನನ್ನ ಚೊಕ್ಕ ಆನೆಯ ಪದರನ್ನು ಸರಿಸಿದೆ. ಹರಿಯುವುದಕ್ಕೆ ಒಂದು ಗಳಿಗೆ ಮುಂಚಿನ ಫೋಟೋ ಕೆಳಗೆ ಹಾಗೇ ಇತ್ತು, ಅದರಲ್ಲಿ ಗೆರೆಯೂ ಇತ್ತು. ನಾನು ಓದಿ ಹೇಳಿದೆ: ಮೂರು ಮನೆ ಕೆಳಗೆ, ಒಂದು ಮನೆ ಪಕ್ಕಕ್ಕೆ. ಚಿಗವ್ವನ ಸೂಜಿ ಹೋಗಿ ಕಣ್ಣು ಸುತ್ತಿ, ಬಂದ ದಾರಿಯಲ್ಲೇ ತಿರುಗಿ ಬಂತು.

ಕುಬಸದ ದಿನ ಸವಿತಾ ಕೂತಿದ್ದಾಗ ಬಂದ ಹೆಂಗಸರೆಲ್ಲ ಅವಳಿಗಿಂತ ಮೊದಲು ಅವಳ ಸೆರಗನ್ನು ತಿರುವಿ ನೋಡಿದರು. ನಾಕು ಮಂದಿ ನಮೂನೆ ಕೇಳಿದರು. ಇಂಟರ್ನೆಟ್ಟಿಗೆ ಹಾಕಲೇನು ಅಂತ ನಾನು ಚಿಗವ್ವನನ್ನು ಕೇಳಿದೆ.

"ಹಾಕು. ಯಾರರೆ ಹಾಕ್ಕೊಳ್ಳಲಿ, ಬಣ್ಣ ಬದಲ ಮಾಡ್ಲಿ, ಬೇಕಂದ್ರ ಇನ್ನೊಂದು ಬಾಲಾ ಹಚ್ಚಲಿ. ಕಣ್ಣಿನ ಗೆರಿ ತಗಿಯೂಕಿಂತ ಮೊದಲ ಒಮ್ಮೆ ಸೂಜಿ ಹಿಡದು ನೋಡ್ರಿ ಅಂತ ಅಷ್ಟು ಬರಿ."

ಬರೆದು ಹಾಕಿದೆ. ತಂತ್ರಾಂಶಗಳ ಜೊತೆ ಪುಟಗಟ್ಟಲೆ ಷರತ್ತು ಬರುತ್ತವೆ. ಒಂದನ್ನೂ ಓದದೆ ಎಲ್ಲಕ್ಕೂ 'ಒಪ್ಪಿದೆ' ಒತ್ತಿದವನು ನಾನು. ಚಿಗವ್ವನ ಒಂದು ಸಾಲಿಗೆ ಮಾತ್ರ ಖರೆ ಖರೆ ಸೂಜಿ ಹಿಡಿದು ಕೂತಿದ್ದೇನೆ. ಹದಿನೈದು ದಿನವಾಯಿತು, ಇನ್ನೂ ಸೊಂಡಿಲು ದಾಟಿಲ್ಲ.