ಹತ್ತು ಖಾಲಿ ಕಡ್ಡಿಪೆಟ್ಟಿಗೆ

ಮೊನ್ನೆ ಗ್ಯಾಸಿನ ಲೈಟರ್ ಕೈಕೊಟ್ಟಿತು. ಹಾನಗಲ್ಲಿನ ನಮ್ಮ ಮನೆ ಎದುರಿನ ಅಂಗಡಿಯಿಂದ ಕಡ್ಡಿಪೆಟ್ಟಿಗೆ ತಂದು ಗೀರಿದೆ. ಆ ಮದ್ದಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಒಲೆ ಹಚ್ಚುವುದನ್ನು ಮರೆತು ನಿಂತುಬಿಟ್ಟೆ... ನಮ್ಮ ನಾಲ್ಕನೇ ತರಗತಿಯ ಕೋಣೆಯಲ್ಲಿ ಇದೇ ವಾಸನೆ ಇರುತ್ತಿತ್ತು.

ತಿಳವಳ್ಳಿ ಕಡೆಯ ನಮ್ಮ ಹಳ್ಳಿಗೆ ಆಗ ಹೊಸದಾಗಿ ಬಂದಿದ್ದ ಗಣಿತದ ಮಾಸ್ತರರು ಚಹಾದಂಗಡಿಗಳಲ್ಲಿ ಖಾಲಿ ಕಡ್ಡಿಪೆಟ್ಟಿಗೆ ಕೇಳಿ ತರುತ್ತಿದ್ದರು. ಜನ ನಗುತ್ತಿದ್ದರು, ಅವರು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಯಾವ ಮನೆಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿ ಬರಲು ನಮಗೆ ಒಂದೊಂದು ಓಣಿ ಹಂಚಿದರು. ಮನೆಗೊಂದು ಪೆಟ್ಟಿಗೆ, ಅದರ ಮೇಲೆ ಓಣಿಯ ಹೆಸರು. ರಟ್ಟಿನ ಮೇಲೆ ಮೈದಾ ಅಂಟಿನಿಂದ ಒಂದರ ಮೇಲೊಂದು ಹಚ್ಚಿದರೆ ಅದೇ ಸ್ತಂಭಾಲೇಖ. ನಳ, ಕೈಪಂಪು, ಬಾವಿ ಎಂದು ಮೂರು ಕಂಬ. ನಳದ ಕಂಬಕ್ಕೆ ಪೆಟ್ಟಿಗೆ ಹಚ್ಚುವ ಕೆಲಸ ನನ್ನದು.

ಕೈಪಂಪಿನ ಕಂಬ ಭರಭರ ಬೆಳೆಯಿತು. ನನ್ನದು ಗಿಡ್ಡ. ನನಗೋ ಹೊಟ್ಟೆಕಿಚ್ಚು. ಎತ್ತರದ ಕಂಬದವರು ಗೆದ್ದಂತೆ ಎಂದೇ ತಿಳಿದಿದ್ದೆ ನಾನು! ನನ್ನ ಪಾಲಿಗೆ ಬಂದದ್ದು ಕೆರೆ ಕಡೆಯ ಓಣಿ, ಹತ್ತೇ ಮನೆ. ಅತ್ತ ಕಾಲೇ ಇಡಲಿಲ್ಲ. ಶಾಲೆಯ ಹಿಂದೆ ಕೂತು ಹತ್ತೂ ಮನೆಗೆ ನಳ ಇದೆ ಎಂದು ಬರೆದುಕೊಂಡು, ಹತ್ತು ಪೆಟ್ಟಿಗೆಯನ್ನೂ ನನ್ನ ಕಂಬಕ್ಕೆ ಏರಿಸಿದೆ.

ಮಾಸ್ತರರು ನಂಬಿದರು. ಅಷ್ಟೇ ಅಲ್ಲ, ನಳ ಇಲ್ಲದ ಮನೆಗಳಿಗೆ ನಳ ಕೇಳೋಣವೆಂದು ಆ ರಟ್ಟನ್ನು ಪಂಚಾಯಿತಿಗೇ ಒಯ್ದರು. ಒಂದು ತುದಿ ಹಿಡಿದವಳು ನಾನೇ. ಅಲ್ಲಿ ನೋಡಿದರೆ ಕೆರೆ ಓಣಿಯ ಹೆಂಗಸರು ಖಾಲಿ ಕೊಡ ಹಿಡಿದು ನಿಂತಿದ್ದರು.

ಮೆಂಬರೊಬ್ಬರು ರಟ್ಟಿನ ಹತ್ತಿರ ಬಾಗಿ ಓದಿದರು. "ಕೆರಿ ಓಣ್ಯಾಗ ಮನಿಮನಿಗೆ ನಳ ಅದಾವಂತ ಮಾಸ್ತರ ಹಚ್ಚ್ಯಾರಲ್ಲಬೇ. ಮತ್ತ ಯಾಕ ಬಂದೀರಿ?"

ಹೆಂಗಸರು ಗಾಬರಿಯಾದರು. ಮಾಸ್ತರರು ನನ್ನ ಮುಖವನ್ನು ಒಮ್ಮೆ ನೋಡಿ, "ತಪ್ಪು ನಂದ್ರಿ. ನಾನ ಎಣಿಸಾಕ ತಪ್ಪೇನಿ," ಎಂದರು. ಎಣಿಸಲು ಬಾರದ ಗಣಿತದ ಮಾಸ್ತರ ಎಂದು ಇಡೀ ಕೋಣೆ ನಕ್ಕಿತು. ನಾನು ನೆಲ ನೋಡುತ್ತ ನಿಂತೆ.

ದಾರಿಯಲ್ಲಿ ಒಂದೇ ಮಾತು ಕೇಳಿದರು. "ಆ ಓಣಿಗೆ ಹೋಗಿದ್ದೇನವ್ವಾ?"

"ಹೋಗಿದ್ನಿರಿ," ಎಂದೆ.

ಮರುದಿನ ಎಲ್ಲರನ್ನೂ ಕರೆದುಕೊಂಡು ಅದೇ ಓಣಿಗೆ ಹೋಗಿ ಮತ್ತೆ ಎಣಿಸಿದರು. ಬ್ಲೇಡಿನಿಂದ ಹತ್ತು ಪೆಟ್ಟಿಗೆ ಬಿಡಿಸಿ, ಕೈಪಂಪಿನ ಕಂಬಕ್ಕೆ ಹಚ್ಚಲು ನನ್ನ ಕೈಗೇ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ಅತ್ತಾದರೂ ಹೇಳಿಬಿಡುತ್ತಿದ್ದೆನೇನೋ... ತಿದ್ದಿದ ರಟ್ಟು ಪಂಚಾಯಿತಿ ಮುಟ್ಟುವಷ್ಟರಲ್ಲಿ ಆ ವರ್ಷದ ಪೈಪು ಬೇರೆ ಓಣಿಗೆ ಹೋಗಿತ್ತು. ಕೆರೆ ಓಣಿಯವರು ಇನ್ನೂ ಮೂರು ಬೇಸಿಗೆ ಕೊಡ ಹೊತ್ತರು. ಮಾಸ್ತರರಿಗೆ ಹಿರೇಕೆರೂರಿನ ಕಡೆ ವರ್ಗವಾಯಿತು.

ನಾನೂ ಶಿಕ್ಷಕಿಯಾದೆ. ಮಾಸ್ತರರು ನಿವೃತ್ತರಾಗಿ ಸವಣೂರಿನಲ್ಲಿ ಇದ್ದಾರೆಂದು ಗೊತ್ತಿತ್ತು. ಬಸ್ ಹತ್ತಿದರೆ ಎಷ್ಟು ಹೊತ್ತಿನ ದಾರಿ! ಈ ರಜೆಗೆ ಹೋಗೋಣ, ಮುಂದಿನ ರಜೆಗೆ ಹೋಗೋಣ ಎಂದು ಹದಿನಾರು ವರ್ಷ ಕಳೆದೆ. ಕಡ್ಡಿ ಗೀರಿದ ಆ ಭಾನುವಾರವೇ ಹೊರಟೆ. ಬಾಗಿಲು ತೆರೆದ ಅವರ ಹೆಂಡತಿಯ ಹಿಂದೆ, ಗೋಡೆಯ ಮೇಲೆ ಮಾಸ್ತರರ ಫೋಟೋಕ್ಕೆ ಹಾರ ಹಾಕಿತ್ತು.

ಕೂತು, ಅಳುತ್ತಲೇ ಎಲ್ಲ ಹೇಳಿದೆ. ಅವರು ನೀರಿನ ತಂಬಿಗೆ ನನ್ನ ಮುಂದಿಟ್ಟರು.

"ನೀನ ಏನು ಆಕಿ? ಅವರಿಗೆ ಅವತ್ತ ಗೊತ್ತಾಗಿತ್ತವ್ವಾ. ಸಣ್ಣ ಹುಡುಗಿ, ಅಂಜ್ಯಾಳ, ಒಂದಿನ ತಾನ ಬಂದು ಹೇಳ್ತಾಳ ಅಂತಿದ್ರು."

ಈ ವಾರ ನನ್ನ ತರಗತಿಯಲ್ಲಿ ಸ್ತಂಭಾಲೇಖದ ಪಾಠ. ಮೇಜಿನ ಮೇಲೆ ಖಾಲಿ ಪೆಟ್ಟಿಗೆ ರಾಶಿ ಬಿದ್ದಿವೆ. ಯಾರಿಗೂ ಕಂಬ ಹಂಚುವುದಿಲ್ಲ, ಮಕ್ಕಳ ಜೊತೆ ಪ್ರತಿ ಓಣಿಗೂ ನಾನೇ ನಡೆಯುತ್ತೇನೆ. ಅಷ್ಟು ಮಾಡಬಲ್ಲೆ. ಸವಣೂರಿಗೆ ಮಾತ್ರ ತಡವಾಗಿ ಹೋದೆ.